ಬೆಳ್ಳಿ ಮೂಡುವಾಗ ಎಚ್ಚರವಿದ್ದವರು

ಆಟಿ ತಿಂಗಳು ಕಳೆದು ಸೋಣ ತಿಂಗಳ ಮೊದಲ ವಾರ, ಆಗಸ್ಟಿನ ನಡುಭಾಗ. ಬೆಳ್ಳಿ ಮೂಡಿ ಇನ್ನೂ ಕಾಗೆ ಕೂಗದ ಹೊತ್ತು. ಆಟಿಯ ಮಳೆ ಹೊಡೆದು ಹೊಡೆದು ದಣಿದಿತ್ತು. ಕಾಪುವಿನ ದಡದಲ್ಲಿ ನಿಂತು ಮೀನಿಗೆ ಬಲೆ ಎಳೆಯುವ ಕೈರಂಪಣಿಯವರು ಬಲೆ ಬಿಡಿಸಿ, ತೂತು ಹೊಲಿದು, ಮತ್ತೆ ದೋಣಿಗೆ ತುಂಬುತ್ತಿದ್ದ ದಿನಗಳು. ಕೊರೋನಾ ಬಂದ ವರ್ಷ ಅದು. ದೂಮಪ್ಪ ಎದ್ದು ಬಾಯಿ ಮುಕ್ಕಳಿಸಲೆಂದು ಹಿತ್ತಲಿಗೆ ಹೊರಟಾಗ ಅಡುಗೆಮನೆಯ ಕತ್ತಲಲ್ಲಿ ಯಾರೋ ನಿಂತು ಅನ್ನದ ಪಾತ್ರೆಗೆ ಕೈ ಹಾಕಿದ್ದು ಕಂಡಿತು. ಕಳ್ಳ ಎಂದುಕೊಳ್ಳುವಷ್ಟರಲ್ಲಿ ಮೊಬೈಲಿನ ಬೆಳಕು ಮುಖಕ್ಕೆ ಬಿತ್ತು. ಮಗಳ ಮಗಳು ಸೌಮ್ಯಶ್ರೀ.

"ಬೇಗ ಎದ್ದಿಯಾ ಮಗಾ?"

"ಇಲ್ಲ ಅಜ್ಜ. ಇನ್ನು ಮಲಗಬೇಕಷ್ಟೆ."

ಅಷ್ಟು ಹೇಳಿ ಅವಳು ಕೈ ತೊಳೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದೂಮಪ್ಪ ಚೊಂಬು ಹಿಡಿದು ಅಲ್ಲೇ ನಿಂತ. ಒಂದೇ ಮಾಡಿನ ಕೆಳಗೆ ಇದ್ದೂ ಈ ಹುಡುಗಿಯ ಧ್ವನಿ ಕೇಳದೆ ವಾರವೇ ಆಗಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಅವನ ಹಗಲು ಶುರುವಾಗುವ ಗಳಿಗೆಗೆ ಅವಳ ರಾತ್ರಿ ಶುರುವಾಗುತ್ತಿತ್ತು.

ಸೌಮ್ಯಶ್ರೀ ಮಣಿಪಾಲದಲ್ಲಿ ನರ್ಸಿಂಗ್ ಎರಡನೇ ವರ್ಷ. ಮಾರ್ಚಿನಲ್ಲಿ ಹಾಸ್ಟೆಲು ಮುಚ್ಚಿದಾಗ ಒಂದು ಚೀಲದಲ್ಲಿ ನಾಲ್ಕು ಬಟ್ಟೆ ತುಂಬಿಕೊಂಡು ಬಂದಿದ್ದಳು. ಹತ್ತು ದಿನದಲ್ಲಿ ಹೋಗುವುದು ಎಂದಿದ್ದಳು. ಆ ಚೀಲ ಇನ್ನೂ ಮಂಚದ ಕೆಳಗೇ ಇತ್ತು. ತಂದೆ ಮಸ್ಕತ್ತಿನಲ್ಲಿ ಸಿಕ್ಕಿಬಿದ್ದಿದ್ದ. ಮನೆಯಲ್ಲಿ ಅಜ್ಜ, ತಾಯಿ ಸ್ವರ್ಣಲತಾ, ಇವಳು.

ಆ ಮನೆಯವರು ಒಂದು ತಪ್ಪು ಮಾಡಿದರು. ಓದು ಬಾರದವರು ಓದಿನ ಮೇಲಿನ ಗೌರವದಿಂದ ಮಾಡುವ ತಪ್ಪು ಅದು. ಜೂನ್ ತಿಂಗಳಲ್ಲಿ ಒಂದು ದಿನ ಮೊಬೈಲಿನಲ್ಲೇ ಮೌಖಿಕ ಪರೀಕ್ಷೆ ನಡೆದಿತ್ತು. ಹೊರಗೆ ಅಂಗಳದಲ್ಲಿ ಸ್ವರ್ಣಲತಾ ಮೀನಿನ ಬುಟ್ಟಿ ಇಳಿಸಿ, ನೆರೆಮನೆಯವಳೊಡನೆ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದಳು. ಕಡಲ ತಡಿಯ ಹೆಂಗಸಿನ ಗಂಟಲು, ಗಾಳಿಯ ಎದುರು ಕೂಗಿ ಬೆಳೆದದ್ದು. "ಇಷ್ಟಕ್ಕೆ ಬೇಕಾದರೆ ತಗೋ, ಇಲ್ಲದಿದ್ದರೆ ನಿನ್ನ ಗಂಡನನ್ನೇ ಸಾರು ಮಾಡು" ಎಂದದ್ದು ಇಡೀ ತರಗತಿಗೆ ಕೇಳಿತು. ಯಾರೋ ನಕ್ಕರು. ಸೌಮ್ಯಶ್ರೀಗೆ ಗೊತ್ತಿದ್ದ ಉತ್ತರವೂ ಮರೆತುಹೋಯಿತು. ಹೊರಗೆ ಬಂದು, "ಅಮ್ಮ, ನೀವು ಮಾತಾಡುವುದು ಕ್ಲಾಸಿನಲ್ಲಿ ಕೇಳ್ತದೆ" ಎಂದು ಮಾತ್ರ ಹೇಳಿದಳು.

ಅಂದಿನಿಂದ ಆ ಮನೆ ಬಾಯಿ ಕಟ್ಟಿಕೊಂಡಿತು. ಮಿಕ್ಸಿ ತಿರುಗುವುದು ನಿಂತು ಹಳೆಯ ಕಡೆಯುವ ಕಲ್ಲು ಹಿತ್ತಲಿನಿಂದ ಒಳಗೆ ಬಂತು. ಹುಂಜವನ್ನು ಆಚೆ ಮನೆಗೆ ಕೊಟ್ಟದ್ದಾಯಿತು. ಸ್ವರ್ಣಲತಾ ಬೆರಳಿನಲ್ಲೇ ದರ ತೋರಿಸಲು ಕಲಿತಳು. ದೂಮಪ್ಪ ಕೆಮ್ಮು ಬಂದರೆ ತೆಂಗಿನ ಬುಡದವರೆಗೆ ಓಡುತ್ತಿದ್ದ. ಬಾಗಿಲು ಮುಚ್ಚಿದ್ದರೆ ಒಳಗೆ ಪಾಠ ನಡೆಯುತ್ತಿದೆ ಎಂದು ಅವರ ನಂಬಿಕೆ. ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಪಾಪ, ಎಷ್ಟು ಓದುತ್ತಾಳೆ ಎಂದು ತಾಯಿ ಬಾಗಿಲ ಹೊರಗೆ ಗಂಜಿ ಇಟ್ಟು ತುದಿಗಾಲಲ್ಲಿ ಹೋಗುತ್ತಿದ್ದಳು.

ಅಂದು ಮಧ್ಯಾಹ್ನ ಸ್ವರ್ಣಲತಾ ಕಾರ್ಕಳದಿಂದ ಬಂದಳು. ಬಸ್ಸು ಸರಿಯಾಗಿ ಇಲ್ಲದ್ದರಿಂದ ಮೀನಿನ ಟೆಂಪೋದಲ್ಲೇ ಹೋಗಿ ಬರುತ್ತಿದ್ದಳು. ಬುಟ್ಟಿ ಕೆಳಗಿಟ್ಟವಳು ಕಾಲು ತೊಳೆಯಲಿಲ್ಲ. ತಂದೆಯನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು.

"ಅಪ್ಪಾ, ಒಲಿಂಡಾ ಸಿಕ್ಕಿದ್ದಳು."

ಒಲಿಂಡಾ ಕಾರ್ಕಳದವಳು. ಹಾಸ್ಟೆಲಿನಲ್ಲಿ ಸೌಮ್ಯಶ್ರೀಯ ಕೋಣೆಯಲ್ಲೇ ಇದ್ದವಳು. ಅವರ ಮನೆಗೆ ಸ್ವರ್ಣಲತಾ ಮೀನು ಕೊಡುವುದು ವಾಡಿಕೆ.

"ಎಂತ ಹೇಳಿದಳು?"

"ಇವಳು ಜೂನ್‌ನಿಂದ ಕ್ಲಾಸಿಗೇ ಕೂತಿಲ್ಲವಂತೆ. ಟೆಸ್ಟು ಬರೆದಿಲ್ಲ. ಹಾಜರಿ ಇಲ್ಲ. ಇನ್ನೂ ಹೀಗೇ ಆದರೆ ವರ್ಷ ಹೋಗ್ತದಂತೆ. ಅದು ಹೋಗಲಿ ಅಪ್ಪಾ. ಕಾಲೇಜು ತೆರೆದರೂ ನಾನು ಇನ್ನು ಬರುವುದಿಲ್ಲ, ಎಲ್ಲ ಬಿಟ್ಟೆ ಅಂತ ಒಲಿಂಡಾಳ ಹತ್ತಿರ ಹೇಳಿದ್ದಾಳಂತೆ." ಅವಳ ಪಿಸುಮಾತು ಅಲ್ಲಿಗೆ ಒಡೆಯಿತು. "ನಾವು ಇಲ್ಲಿ ಹುಂಜವನ್ನೇ ಕೊಟ್ಟು ಕೂತಿದ್ದೇವೆ."

"ಬಾಗಿಲು ಒಡೆಯುತ್ತೇನೆ ನಾನು" ಎಂದು ಎದ್ದ ಮಗಳನ್ನು ದೂಮಪ್ಪ ಕೈಹಿಡಿದು ಕೂರಿಸಿದ. ಕಲ್ಲಿಗೆ ಸಿಕ್ಕಿದ ಬಲೆಯನ್ನು ಸಿಟ್ಟಿನಲ್ಲಿ ಎಳೆದವರು ಎಷ್ಟೋ ಜನರನ್ನು ಅವನು ನೋಡಿದ್ದ.

"ಒಲಿಂಡಾ ಮತ್ತೆಂತ ಹೇಳಿದಳು?"

"ಕಾಲೇಜಿನಲ್ಲಿ ಮನಸ್ಸಿನ ಕಷ್ಟ ಕೇಳುವ ಮೇಡಂ ಒಬ್ಬರು ಇದ್ದಾರಂತೆ, ರೀನಾ ಮೇಡಂ ಅಂತ. ಒಲಿಂಡಾಳೇ ಮಾತಾಡಿದ್ದಾಳಂತೆ, ಅವಳಿಗೂ ನಿದ್ರೆ ಇರಲಿಲ್ಲವಂತೆ. ಇವಳಿಗೂ ಹೇಳಿ ನೋಡಿದಳಂತೆ, ನಂಬರೇ ಬೇಡ ಅಂದಳಂತೆ. ನನಗೆ ನಂಬರು ಕೊಟ್ಟಿದ್ದಾಳೆ. ಆದರೆ ಸೌಮ್ಯಾಳೇ ಫೋನು ಮಾಡಬೇಕಂತೆ."

ದೂಮಪ್ಪ ಆತುರದಲ್ಲಿ ಯಾವುದಕ್ಕೂ ಕೈ ಹಾಕುವವನಲ್ಲ. ಅವನ ಸ್ವಭಾವವೇ ಹಾಗೆ. ನಲವತ್ತು ಮಂದಿ ಎಳೆಯುವ ಆ ಕೈರಂಪಣಿಯಲ್ಲಿ ಅವನ ಕೆಲಸವೂ ಸುಮ್ಮನೆ ನಿಂತು ನೋಡುವುದೇ. ದಡದ ಕರಿ ಬಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಮೀನಿನ ಹಿಂಡು ಬಂದಾಗ ಹೆಗಲ ವಸ್ತ್ರ ಬೈರಾಸನ್ನು ಎತ್ತಿ ಸನ್ನೆ ಕೊಡುವುದು. ಎತ್ತಿದ ಕೂಡಲೇ ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ದೋಣಿ ಹೊರಡುತ್ತದೆ, ಬಲೆ ಇಳಿಸುತ್ತ ಅರ್ಧ ಚಂದ್ರದ ಹಾಗೆ ಸುತ್ತಿ ಇನ್ನೊಂದು ತುದಿಯನ್ನು ತಂದುಕೊಡುತ್ತದೆ. ಆಮೇಲೆ ಎರಡು ಸಾಲು ನಿಂತು ಎಳೆತ. ಆದರೆ ಈಚೆಗೆ ದೂಮಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮಾರ್ಚಿನಲ್ಲಿ ಮಣಿಪಾಲದಲ್ಲಿ ಆಪರೇಷನ್ನಿಗೆ ಕೊಟ್ಟ ದಿನವನ್ನು ಲಾಕ್‌ಡೌನ್ ನುಂಗಿತ್ತು. ಮಳೆ ಮುಗಿದ ಮೇಲೆ ಮೂರು ಸಲ ಬೈರಾಸು ಎತ್ತಿದ್ದ, ಮೂರು ಸಲವೂ ಬರೀ ನೀರು. ದೋಣಿಯ ಚುಕ್ಕಾಣಿ ಹಿಡಿಯುವ ಸೋದರಳಿಯ ವಿಶಾಲ್, "ಮಾವ, ಕಡಲಿಗೆ ಸ್ನಾನ ಮಾಡಿಸಿ ಸಾಕಾಯಿತು" ಎಂದಿದ್ದ.

ಮರುದಿನ ಬೆಳ್ಳಿ ಮೂಡಿದಾಗ ಮುದುಕ ಅಡುಗೆಮನೆಯ ಬಾಗಿಲಲ್ಲಿ ಕಾದು ಕೂತಿದ್ದ. ಸೌಮ್ಯಶ್ರೀ ಬಂದಳು.

"ಮಗಾ, ಮಲಗುವ ಮೊದಲು ಒಂದು ಕೆಲಸ ಉಂಟು. ನನಗೆ ನೀರು ಕಾಣುವುದಿಲ್ಲ. ಬಂಡೆಯ ಮೇಲೆ ನನ್ನ ಹತ್ತಿರ ನಿಂತು ಕಂಡದ್ದನ್ನು ಹೇಳಿದರೆ ಸಾಕು. ಆಮೇಲೆ ಬಂದು ಮಲಗಬಹುದು."

"ನನಗೆ ಅದೆಲ್ಲ ಗೊತ್ತಿಲ್ಲ ಅಜ್ಜ."

"ನನಗೆ ಗೊತ್ತುಂಟು, ಕಾಣುವುದಿಲ್ಲ. ನಿನಗೆ ಕಾಣ್ತದೆ, ಗೊತ್ತಿಲ್ಲ. ಇಬ್ಬರೂ ಸೇರಿದರೆ ಒಬ್ಬ ಆಗ್ತೇವಲ್ವಾ?"

ಅವಳಿಗೆ ನಗು ಬರಲಿಲ್ಲ, ಆದರೆ ಚಪ್ಪಲಿ ಹುಡುಕಿದಳು. ಐದು ತಿಂಗಳಲ್ಲಿ ಮೊದಲ ಸಲ.

ಬಂಡೆಯ ಮೇಲೆ ನಿಂತಾಗ ದೀಪಸ್ತಂಭದ ಬೆಳಕು ಇನ್ನೂ ತಿರುಗುತ್ತಿತ್ತು. ಹವೆ ಹಸಿಯಾಗಿತ್ತು. ದೂಮಪ್ಪ ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ಎಲ್ಲಿ ಕಪ್ಪು, ಎಲ್ಲಿ ಬಿಳಿ, ಹಕ್ಕಿ ಉಂಟಾ, ಹಕ್ಕಿ ಸುತ್ತುತ್ತದಾ ಬೀಳುತ್ತದಾ. ಆಕಾಶ ಹಳದಿಯಾಗುವ ಹೊತ್ತಿಗೆ ಅವಳು ಒಮ್ಮೆಲೇ, "ಅಜ್ಜ, ಅಲ್ಲಿ ದೊಡ್ಡ ಕಪ್ಪು, ಓಡ್ತಾ ಉಂಟು" ಎಂದಳು. ದೂಮಪ್ಪನಿಗೂ ಆಸೆ. ಓಡುವುದು ನೀರಿನೊಳಗಾ ನೀರಿನ ಮೇಲಾ ಎಂದು ಕೇಳಬೇಕಾದದ್ದನ್ನು ಕೇಳಲಿಲ್ಲ. "ಎತ್ತು" ಎಂದ. ಅವನು ಕೈಗಿತ್ತ ಬೈರಾಸನ್ನು ಅವಳು ಎತ್ತಿದಳು.

ದೋಣಿ ಹಾರಿತು. ಒಂದೂವರೆ ಗಂಟೆ ಎಳೆದರು. ಬಂದದ್ದು ಒಂದು ಚೀಲ ಜೆಲ್ಲಿ ಮೀನು, ಎರಡು ಚಪ್ಪಲಿ, ಒಂದು ಏಡಿ. ಅವಳು ಕಂಡದ್ದು ಮೋಡದ ನೆರಳು.

ದಡದಲ್ಲಿ ನಗು ಎದ್ದಿತು. ಕೈರಂಪಣಿಯವರ ನಗು ಎಂದರೆ ಸಣ್ಣ ನಗುವಲ್ಲ. ವಿಶಾಲ್ ಆ ಏಡಿಯನ್ನು ಎತ್ತಿ ಹಿಡಿದು, "ಇದನ್ನು ನಲವತ್ತು ಪಾಲು ಮಾಡುವುದು ಹೇಗೆ, ನರ್ಸಮ್ಮನೇ ಆಪರೇಷನ್ ಮಾಡಿ ಹೇಳಬೇಕು" ಎಂದ. ಮತ್ತೆ ನಕ್ಕರು. ಸೌಮ್ಯಶ್ರೀ ಬೈರಾಸನ್ನು ಬಂಡೆಯ ಮೇಲೆ ಬಿಟ್ಟು ಹೋದಳು. ಹೋಗುವಾಗ ನಡೆದಳು, ತೆಂಗಿನ ಮರಗಳು ಸಿಕ್ಕಿದ ಮೇಲೆ ಓಡಿದಳು. ಬಾಗಿಲು ಮುಚ್ಚಿತು.

ದೂಮಪ್ಪ ಆ ದಿನ ಮಾಡಿದ ತಪ್ಪು ಅಷ್ಟೇ ಅಲ್ಲ. ಅವನಿಗೆ ಸಂಜೆ ನೆನಪಾಯಿತು. ಆ ದಡದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಉಂಟು. ತಪ್ಪಾಗಿ ಬೈರಾಸು ಎತ್ತಿದವನೇ ಮುಂದಿನದನ್ನೂ ಎತ್ತಬೇಕು. ಅವನು ಎತ್ತುವವರೆಗೆ ಬೇರೆ ಯಾರೂ ಎತ್ತುವಂತಿಲ್ಲ, ದೋಣಿ ಇಳಿಯುವಂತಿಲ್ಲ. ತನ್ನ ಸರದಿಯ ಬೈರಾಸನ್ನು ಮೊಮ್ಮಗಳ ಕೈಗಿತ್ತು ದೂಮಪ್ಪ ಅದನ್ನು ಅವಳ ತಲೆಗೆ ಕಟ್ಟಿದ್ದ. ಯಾವ ಕಾಲದಲ್ಲಿ ಯಾರು ಮಾಡಿದ ಕಟ್ಟಳೆಯೋ. ತಪ್ಪಿದವನನ್ನು ಮನೆಗೆ ಕಳುಹಿಸಿಬಿಟ್ಟರೆ ಅವನು ಮತ್ತೆ ಕಡಲಿಗೆ ಬರುವುದಿಲ್ಲ ಎಂದು ಯಾರೋ ಹಿರಿಯನಿಗೆ ಗೊತ್ತಿದ್ದಿರಬೇಕು. ಈಗ ಮಾತ್ರ ಮಳೆ ಬಿಟ್ಟ ಮೇಲಿನ ಒಳ್ಳೆಯ ದಿನಗಳಲ್ಲಿ ನಲವತ್ತು ಮನೆಯ ಬಲೆ ಒಂದು ಹುಡುಗಿಗಾಗಿ ಮರಳ ಮೇಲೆ ಕೂತಿತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪಕ್ಕದ ಬಲೆಯವರಿಗೆ ಬೂತಾಯಿ ಮೀನು ಸಿಕ್ಕಿತು. ಕೆಲವರು, "ಆ ಕಟ್ಟಳೆ ಬಿಡುವ, ಮಕ್ಕಳಾಟ" ಎಂದರು. ಹಳಬರು ಒಪ್ಪಲಿಲ್ಲ. ದೂಮಪ್ಪ ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳಿದರೆ ಅವಳಿಗೆ ಭಾರ, ಹೇಳದಿದ್ದರೆ ನಲವತ್ತು ಮನೆಗೆ ನಷ್ಟ. ಅವನು ಎರಡು ರಾತ್ರಿ ಹೊರಳಾಡಿದ. ಕೊನೆಗೆ ಹೇಳಿದವನು ವಿಶಾಲ್. ಆ ಸಂಜೆ ನೇರ ಕಿಟಕಿಗೆ ಬಂದು ಬಡಿದ. ಮೂರು ತಿಂಗಳಿನಿಂದ ಯಾರೂ ಗಟ್ಟಿಯಾಗಿ ಉಸಿರಾಡದ ಮನೆಯಲ್ಲಿ ಅವನ ಗಂಟಲು ಸಿಡಿಲಿನ ಹಾಗೆ ಬಿತ್ತು.

"ಏ ಸೌಮ್ಯಾ, ಬದುಕಿದ್ದೀಯಾ? ನೀನು ಬಂದು ಎತ್ತದೆ ನಾವು ಬಲೆ ಹಾಕುವ ಹಾಗಿಲ್ಲ ಮಾರಾಯ್ತಿ."

ಒಳಗಿನಿಂದ ಧ್ವನಿ ಬಂತು. "ಬೇರೆ ಯಾರಾದರೂ ಎತ್ತಿ."

"ಆಗುವುದಿಲ್ಲ. ಕಟ್ಟಳೆ."

"ಎಂತ ಕಟ್ಟಳೆ?"

ವಿಶಾಲ್ ಹೇಳಿದ. ಕಿಟಕಿ ತೆರೆಯಿತು. ಹುಡುಗಿಯ ಕೂದಲು ಜಡೆಗಟ್ಟಿತ್ತು, ಕಣ್ಣ ಕೆಳಗೆ ಮಸಿ.

"ನಾನು ತಪ್ಪು ಮಾಡಿದ್ದಕ್ಕೆ ಎಲ್ಲರೂ ನಕ್ಕಿರಲ್ಲ. ಈಗ ನಾನೇ ಬರಬೇಕಾ?"

"ನಕ್ಕದ್ದು ಹೌದು. ಚಪ್ಪಲಿ ಬಂದರೆ ನಗದೆ ಅಳುವುದಾ? ನಾನು ಮೊದಲ ವರ್ಷ ಚುಕ್ಕಾಣಿ ಹಿಡಿದಾಗ ದೋಣಿಯನ್ನು ನಮ್ಮ ಬಲೆಯ ಮೇಲೆಯೇ ಹತ್ತಿಸಿದ್ದೆ. ಮದುವೆಯ ದಿನ ಕೂಡ ಅದನ್ನೇ ಹೇಳಿ ನಕ್ಕರು. ಹಾಗಂತ ಮರುದಿನ ದೋಣಿ ಹತ್ತದೆ ಇರ್ಲಿಕ್ಕೆ ಬಿಟ್ಟರಾ?" ವಿಶಾಲ್ ಕಿಟಕಿಯ ಸರಳಿಗೆ ಒರಗಿದ. "ಬೆಳಿಗ್ಗೆ ಬಾ. ಇನ್ನೊಂದು ಜೋಡಿ ಚಪ್ಪಲಿ ಸಿಕ್ಕಿದರೂ ಅಡ್ಡಿಯಿಲ್ಲ, ಹೆಂಡತಿಗೆ ಆಗ್ತದೆ."

ಅವಳು ಕಿಟಕಿ ಹಾಕಿದಳು. ದೂಮಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿದ್ದ. ಒಳಗೆ ಹೋಗಲಿಲ್ಲ.

ಬೆಳ್ಳಿ ಮೂಡುವಾಗ ಅವನು ಎದ್ದರೆ ಅವಳು ಅವನಿಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. "ಅಜ್ಜ, ಈ ಸಲ ಎಲ್ಲವನ್ನೂ ಕೇಳಿ. ಒಂದನ್ನೂ ಬಿಡಬೇಡಿ" ಎಂದಳು. ಬೈರಾಸನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

ಬಂಡೆಯ ಮೇಲೆ ನಿಂತರು. ಕೆಳಗೆ ಎಳೆಯುವವರು ಬೀಡಿ ಹಚ್ಚಿ ಕಾದರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡ ಒಬ್ಬ, "ಇವತ್ತು ಚಪ್ಪಲಿ ಯಾವ ನಂಬರಿನದ್ದು?" ಎಂದು ಕೂಗಿದ. ಸೌಮ್ಯಶ್ರೀ ತಿರುಗಿ ನೋಡಲಿಲ್ಲ. ಬೆಳಕು ಹರಿಯಿತು. ಒಂದು ಕಪ್ಪು ಬಂತು, ದೂಮಪ್ಪ ಕೇಳಿದ, ಅವಳು ನೋಡಿ ಹೇಳಿದಳು, "ಅಲ್ಲ, ಮೋಡ." ಇನ್ನೊಂದು ಬಂತು. "ಅಲ್ಲ." ಆಮೇಲೆ ದಡಕ್ಕೆ ಬಹಳ ಸಮೀಪ, ಬಂಡೆಯ ಬಲಕ್ಕೆ, ನೀರಿನ ಅಡಿಯಲ್ಲಿ ಯಾರೋ ಕೆಂಪು ಮಣ್ಣು ಕದಡಿದ ಹಾಗೆ ಆಯಿತು.

"ಕೆಂಪು ಅಜ್ಜ."

"ಅಲೆ ಬಂದಾಗ ಎಂತ ಆಗ್ತದೆ?"

"ಅಲೆ ಮೇಲೆ ಹೋಗ್ತದೆ. ಅದು ಅಲ್ಲೇ ಇರ್ತದೆ."

"ಹಕ್ಕಿ?"

"ಬೀಳ್ತಾ ಉಂಟು. ಒಂದು, ಎರಡು... ಅಜ್ಜ, ತುಂಬ. ಮಳೆ ಬಿದ್ದ ಹಾಗೆ ನೀರು ಹಾರುತ್ತದೆ, ಮಳೆ ಇಲ್ಲ."

ಅದು ಮೀನಿನ ಹಿಂಡೇ ಎಂದು ದೂಮಪ್ಪನಿಗೆ ಗೊತ್ತಾಯಿತು. ಆದರೆ "ಎತ್ತು" ಎಂದು ಅವನು ಹೇಳಲಿಲ್ಲ. ತುಟಿ ಕಚ್ಚಿ ಹಿಡಿದ. ಈ ಸಲ ಅವಳದೇ ಕೈ, ಅವಳದೇ ಮಾತು ಆಗಬೇಕಿತ್ತು. ಒಂದು ಅಲೆ ಹೋಯಿತು. ಇನ್ನೊಂದು ಹೋಯಿತು. ಹಿಂಡು ತಪ್ಪಿಹೋದೀತು ಎಂದು ಅವನ ಉಗುರು ಅಂಗೈಗೆ ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಗಾಳಿ ಬೀಸಿದ ಹಾಗಾಯಿತು. ಬೈರಾಸು ಮೇಲೆ ಹೋಗಿತ್ತು.

ದೋಣಿ ನೀರಿಗೆ ಬಿದ್ದದ್ದು, ವಿಶಾಲ್ ನಿಂತೇ ಹುಟ್ಟು ಹಾಕಿಸಿದ್ದು, ಬಲೆ ಸರಸರ ಇಳಿದದ್ದು, ಎರಡನೆಯ ಹಗ್ಗ ದಡ ಮುಟ್ಟಿದ್ದು ಒಂದೇ ಉಸಿರಿನಲ್ಲಿ ಆದ ಹಾಗಿತ್ತು. ಎರಡೂ ಸಾಲು ಹಗ್ಗ ಹಿಡಿದು ಹಿಂದಕ್ಕೆ ಒರಗಿತು. ಹಗ್ಗ ಬರಲಿಲ್ಲ.

"ಕಲ್ಲಿಗೆ ಸಿಕ್ಕಿತಾ?"

"ಕಲ್ಲಲ್ಲ," ನೀರಿನಲ್ಲಿದ್ದ ವಿಶಾಲ್ ಕೂಗಿದ. ಅವನ ಧ್ವನಿ ಒಡೆದಿತ್ತು. "ಮೀನು. ಬಂಗುಡೆ. ಬಲೆ ತುಂಬ ಬಂಗುಡೆ. ಎಳೆಯಿರಿ."

ಎಳೆದರು. ಐಸಾ ಎಂದು ಕೂಗಿ ಎಳೆದರು, ಹಿಮ್ಮಡಿ ಮರಳಿಗೆ ಹೂತು ಎಳೆದರು. ಆ ವರ್ಷ ಕೈಗಳು ಕಡಿಮೆ. ಹೊರಗಿನಿಂದ ಬಂದು ಎಳೆಯುತ್ತಿದ್ದವರು ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಇನ್ನೂ ಮರಳಿರಲಿಲ್ಲ. ಇದ್ದವರಲ್ಲಿ ಅರ್ಧ ಮಂದಿ ದೂಮಪ್ಪನ ವಯಸ್ಸಿನವರು. ಹಗ್ಗ ಒಂದು ಮಾರು ಬಂದರೆ ಅರ್ಧ ಮಾರು ಹಿಂದೆ ಹೋಗುತ್ತಿತ್ತು. ಕಡಲಿನ ಇಳಿತ ಶುರುವಾಗಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ನಿಂತರೆ ಬಲೆ ಹರಿಯುವುದು, ಇಲ್ಲವೇ ಹಗ್ಗ ಬಿಡಬೇಕಾಗುವುದು.

"ಮನೆಗಳಿಗೆ ಹೋಗಿ ಕರೆಯಿರಿ ಯಾರಾದರೂ," ಎಂದ ಒಬ್ಬ.

"ಈ ಹೊತ್ತಿಗೆ ಯಾರು ಎದ್ದಿರ್ತಾರೆ ಮಾರಾಯ? ಮಕ್ಕಳೆಲ್ಲ ಓದಿ ಮಲಗಿರ್ತಾವೆ."

ಬಂಡೆ ಇಳಿದು ಬಂದ ಸೌಮ್ಯಶ್ರೀ ಆ ಮಾತು ಕೇಳಿ ನಿಂತಳು. ಯಾರು ಎದ್ದಿದ್ದಾರೆ ಎಂಬುದು ಆ ಊರಿನಲ್ಲಿ ಅವಳಿಗೆ ಗೊತ್ತಿದ್ದ ಹಾಗೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳಿನಿಂದ ಪ್ರತಿ ಬೆಳಗಿನ ಜಾವವೂ ಅವಳು ಮೊಬೈಲಿನಲ್ಲಿ ಹೆಸರುಗಳ ಪಕ್ಕದ ಹಸಿರು ಚುಕ್ಕೆಗಳನ್ನು ನೋಡುತ್ತ ಮಲಗಿದ್ದವಳು. ದೀಪಸ್ತಂಭದ ರಸ್ತೆಯ ಮನೀಶ್, ಇಂಜಿನಿಯರಿಂಗ್. ಗುಡಿಯ ಹಿಂದಿನ ಶ್ರೇಯಾ, ಪಿಯುಸಿ. ಅಣ್ಣತಂಗಿ ಎಡ್ವಿನ್, ಸೋನಿಯಾ. ಇನ್ನೂ ಎಷ್ಟೋ. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ, ಆದರೆ ಚುಕ್ಕೆ ಆರುತ್ತಿರಲಿಲ್ಲ.

ಅವಳು ಮೊಬೈಲು ತೆಗೆದಳು. ಬರೆಯಲು ಪುರುಸೊತ್ತಿಲ್ಲ. ಚುಕ್ಕೆ ಇದ್ದವರಿಗೆಲ್ಲ ಒಟ್ಟಿಗೆ ಹೋಗುವ ಹಾಗೆ ಗುಂಡಿ ಒತ್ತಿ ಬಾಯಿಗೆ ಹಿಡಿದು, ಹಿಂದೆ ಐಸಾ ಐಸಾ ಎಂದು ಇದ್ದ ಗಂಟಲುಗಳೆಲ್ಲ ಕೂಗುತ್ತಿರುವಾಗಲೇ, ತಾಯಿಯ ಗಂಟಲನ್ನು ಹೋಲುವ ಗಂಟಲಿನಲ್ಲಿ ಹೇಳಿದಳು. "ನೀವು ಎಚ್ಚರ ಇದ್ದೀರಿ ಅಂತ ನನಗೆ ಗೊತ್ತುಂಟು. ನಾನೂ ಇದ್ದೇನೆ. ಬಲೆ ತುಂಬ ಮೀನು ಬಿದ್ದಿದೆ, ಎಳೆಯಲಿಕ್ಕೆ ಜನ ಇಲ್ಲ. ಹಾಗೆಯೇ ಬನ್ನಿ. ಮುಖ ತೊಳೆಯಬೇಡಿ."

ಹೇಳಿ, ಮೊಬೈಲನ್ನು ಅಜ್ಜನ ಕೈಗೆ ಕೊಟ್ಟು, ಹಗ್ಗದ ಕೊನೆಗೆ ಹೋಗಿ ಹಿಡಿದಳು.

ಮೊದಲು ಬಂದವನು ಮನೀಶ್. ಬರಿಗಾಲು, ಚಡ್ಡಿ, ಹೆಗಲಿಗೆ ಇನ್ನೂ ಹೊದಿಕೆ. ಹೊದಿಕೆಯನ್ನು ಮರಳಿಗೆ ಎಸೆದು ಹಗ್ಗಕ್ಕೆ ಬಿದ್ದ. ಹಿಂದೆಯೇ ಶ್ರೇಯಾ, ಕಿವಿಯಲ್ಲಿ ವಯರು ನೇತಾಡುತ್ತ. ಎಡ್ವಿನ್, ಸೋನಿಯಾ ಒಂದೇ ಸೈಕಲಿನಲ್ಲಿ ಬಂದರು, ಮರಳಿನಲ್ಲಿ ಸೈಕಲು ಮಗುಚಿತು, ಎತ್ತಲಿಲ್ಲ. ಆಮೇಲೆ ಓಣಿಗಳಿಂದ, ತೆಂಗಿನ ಮರಗಳ ನಡುವಿನಿಂದ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ. ಕೂದಲು ಕೆದರಿದವರು, ಗಡ್ಡ ಬಂದವರು, ಬಿಸಿಲು ಕಾಣದೆ ಬಿಳಿಚಿ ಕೊಕ್ಕರೆಯ ಹಾಗೆ ಆದವರು. ಹಗ್ಗದ ಉದ್ದಕ್ಕೂ ಜಾಗ ತುಂಬಿತು.

"ಆರಡಿ ದೂರ, ಆರಡಿ ದೂರ," ಎಂದು ಯಾರೋ ಹೇಳಿದ.

"ಅದನ್ನು ಬಂಗುಡೆಗೆ ಹೇಳು," ಎಂದಳು ಸೌಮ್ಯಶ್ರೀ.

ಸಾಲು ನಕ್ಕಿತು. ಅವಳೂ ನಕ್ಕಳು. ದೂಮಪ್ಪ ಕೇಳಿದ್ದು ಅದನ್ನು. ಕಾಣಲಿಲ್ಲ, ಕೇಳಿದ. ಅವನಿಗೂ ತಡೆಯಲಾಗಲಿಲ್ಲ. ಮೊಬೈಲನ್ನು ಸೊಂಟದ ಮುಂಡಿಗೆ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದ. ಹಗ್ಗ ಬಂತು. ಮೊದಲು ಗೇಣು, ಆಮೇಲೆ ಮಾರು. ಕೊನೆಯಲ್ಲಿದ್ದವರು ಹಗ್ಗ ಸುತ್ತಿಟ್ಟು ಓಡಿಹೋಗಿ ನೀರಿನ ಬದಿಯಲ್ಲಿ ಮತ್ತೆ ಹಿಡಿಯುವುದು ರಿವಾಜು. ಆ ಮಕ್ಕಳಿಗೆ ಅದು ಗೊತ್ತಾಗಿ ಸ್ಪರ್ಧೆಯೇ ಶುರುವಾಯಿತು. ಬಿದ್ದರು, ಎದ್ದರು, ಒಬ್ಬರ ಮೇಲೊಬ್ಬರು ಹಾರಿ ಓಡಿದರು. ಎರಡು ಸಾಲು ಹತ್ತಿರ ಹತ್ತಿರ ಬಂದವು. ನೀರು ಬೆಳ್ಳಗಾಯಿತು. ಬಲೆಯ ಚೀಲ ಅಲೆಯ ಬೆನ್ನೇರಿ ಮರಳಿಗೆ ಉರುಳಿದಾಗ ಜೀವಂತ ಬಂಗುಡೆಗಳ ಪಟಪಟ ಸದ್ದಿಗೆ ಮನುಷ್ಯರ ಕೂಗು ಕೇಳದಾಯಿತು.

ಆ ಹೊತ್ತಿಗೆ ಮನೆಯವರೆಲ್ಲ ಬಂದಿದ್ದರು. ಹಾಸಿಗೆ ಖಾಲಿ ಕಂಡು ಹೆದರಿ ಓಡಿ ಬಂದ ತಾಯಂದಿರು, ಮಾಸ್ಕು ಮರೆತ ತಂದೆಯರು. ಮನೀಶನ ತಾಯಿ ದಡದಲ್ಲಿ ನಿಂತು ಸ್ವರ್ಣಲತಾಳನ್ನು ಕೇಳಿದಳು.

"ನಿನ್ನದೂ ರಾತ್ರಿ ಮಲಗುವುದಿಲ್ಲವಾ?"

"ಇಲ್ಲ. ನಿನ್ನದು?"

"ನಾವು ಮೊಸರು ಕಡೆಯುವುದನ್ನೇ ಬಿಟ್ಟೆವು ಮಾರಾಯ್ತಿ, ಅವನಿಗೆ ಪಾಠ ಉಂಟು ಅಂತ."

"ನಾವು ಹುಂಜ ಕೊಟ್ಟೆವು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಎಂದು ಪ್ರತಿ ಮನೆಯೂ ಬಾಗಿಲು ಹಾಕಿ ಮುಚ್ಚಿಟ್ಟದ್ದು ಅಲ್ಲಿ ಬಿಸಿಲಿಗೆ ಬಿದ್ದು, ಮರಳು ಮೆತ್ತಿಕೊಂಡು, ಮೀನಿಗೆ ಬುಟ್ಟಿ ಹಿಡಿದು ಓಡಾಡುತ್ತಿತ್ತು. ಸ್ವರ್ಣಲತಾ ಮೂರು ತಿಂಗಳು ಒಳಗಿಟ್ಟುಕೊಂಡಿದ್ದ ಗಂಟಲನ್ನು ಅಂದು ತೆರೆದಳು. ಹರಾಜಿಗೆ ಬಂದ ವ್ಯಾಪಾರಿಗಳು ಅವಳ ಕೂಗಿಗೆ ಎರಡು ಹೆಜ್ಜೆ ಹಿಂದೆ ನಿಂತೇ ಮಾತಾಡಿದರು. ಸೌಮ್ಯಶ್ರೀ ಅದನ್ನು ಒಲಿಂಡಾಳಿಗೆ ಮೊಬೈಲಿನಲ್ಲಿ ತೋರಿಸಿದಳು. ಕಾರ್ಕಳದಲ್ಲಿ ಹಾಸಿಗೆಯಿಂದ ಎದ್ದು ಕೂತ ಒಲಿಂಡಾ, "ಇದೇ ಅಲ್ವಾ ಅವತ್ತು ಪರೀಕ್ಷೆಯಲ್ಲಿ ಕೇಳಿದ ಧ್ವನಿ? ನಕ್ಕದ್ದು ನಾನೇ ಮಾರಾಯ್ತಿ, ನಿಮ್ಮ ಅಮ್ಮ ಗಂಡನ ಸಾರು ಅಂದಾಗ. ಮೊದಲ ಸಲ ನಗು ಬಂದದ್ದು ಆ ತಿಂಗಳಲ್ಲಿ" ಎಂದಳು. ಸೌಮ್ಯಶ್ರೀ ಮೊಬೈಲನ್ನು ತನ್ನ ಕಡೆ ತಿರುಗಿಸಿ, "ನಂಬರು ಕಳುಹಿಸು, ಆ ಮೇಡಂನದು" ಎಂದಳು.

ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಮರಳ ಮೇಲೆ ಗುಡ್ಡೆ ಹಾಕಿದಾಗ ಮಕ್ಕಳಿಗೂ ಒಂದೊಂದು ಗುಡ್ಡೆ ಬಂತು. ಅಂದು ಕಾಪುವಿನ ಆ ಬದಿಯ ಮನೆಗಳಲ್ಲಿ ಮಿಕ್ಸಿ ತಿರುಗಿತು. ಸೌಮ್ಯಶ್ರೀ ಸಂಜೆ ಉಂಡವಳು ದೀಪ ಹಚ್ಚುವ ಮೊದಲೇ ನಿದ್ರೆ ಹೋದಳು, ಬಾಗಿಲು ತೆರೆದಿಟ್ಟು.

ಒಂದು ಬಲೆ ಮೀನಿಗೆ ಎಲ್ಲ ಸರಿಯಾಯಿತು ಎಂದು ದೂಮಪ್ಪ ಯಾರಿಗೂ ಹೇಳಲಿಲ್ಲ, ಹಾಗೆ ಆಗಲೂ ಇಲ್ಲ. ಕೆಲವು ದಿನ ಅವಳು ಬಂಡೆಗೆ ಬರುತ್ತಿದ್ದಳು, ಕೆಲವು ದಿನ ಬಾಗಿಲು ಮತ್ತೆ ಮುಚ್ಚುತ್ತಿತ್ತು. ಗುರುವಾರ ಗುರುವಾರ ತೆಂಗಿನ ಬುಡದಲ್ಲಿ ಕೂತು ರೀನಾ ಮೇಡಂ ಜೊತೆ ಬಹಳ ಹೊತ್ತು ಮಾತಾಡುತ್ತಿದ್ದಳು, ಒಮ್ಮೊಮ್ಮೆ ಅಳುತ್ತಿದ್ದಳು. ಅಳುವ ದಿನ ಅಜ್ಜ ಆ ಕಡೆಗೆ ಹೋಗುತ್ತಿರಲಿಲ್ಲ. ತಪ್ಪಿದ ಪರೀಕ್ಷೆಗಳನ್ನು ಮತ್ತೆ ಬರೆಯಲು ಕಾಲೇಜಿನವರು ಒಪ್ಪಿದರು. ಎರಡರಲ್ಲಿ ಪಾಸಾದಳು, ಒಂದರಲ್ಲಿ ಇಲ್ಲ. ಮನೀಶ್ ಇಂಜಿನಿಯರಿಂಗ್ ಬಿಟ್ಟೇಬಿಟ್ಟ. ಅವನ ಮನೆಯಲ್ಲಿ ಒಂದು ವಾರ ಜಗಳ ನಡೆಯಿತು. ಗಟ್ಟಿಯಾಗಿಯೇ ನಡೆಯಿತು.

ನವೆಂಬರ್ ಕೊನೆಗೆ ಹಾಸ್ಟೆಲು ತೆರೆಯುತ್ತದೆ ಎಂದು ಸುದ್ದಿ ಬಂತು. ಸೋಮವಾರ ಬೆಳಿಗ್ಗೆ ಮಂಚದ ಕೆಳಗಿನ ಚೀಲ ಹೊರಗೆ ಬಂತು. ಮೂಗಿಗೆ ಕಡ್ಡಿ ಹಾಕಿಸಿದ ಕೊರೋನಾ ರಿಪೋರ್ಟು ಕಿಸೆಯಲ್ಲಿ. ದೂಮಪ್ಪ ಬಸ್ಸಿನವರೆಗೆ ಬಂದ. ಅವಳು ಹತ್ತಿ ಹೋದಳು. ಮಧ್ಯಾಹ್ನ ಉಣ್ಣಲು ಕೂತಾಗ ಅಂಗಳದಲ್ಲಿ ಚೀಲ ಇಳಿಸಿದ ಸದ್ದಾಯಿತು.

"ಕಡಿಯಾಳಿಯವರೆಗೆ ಹೋದೆ," ಎಂದಳು. "ಮಣಿಪಾಲಕ್ಕೆ ಇನ್ನು ಕೆಲವೇ ಸ್ಟಾಪು ಇತ್ತು. ಎದೆ ಹೊಡೆದುಕೊಂಡಿತು. ಇಳಿದೆ."

ಸ್ವರ್ಣಲತಾ ಬಾಯಿ ತೆರೆದಳು. ದೂಮಪ್ಪ ಮಣೆಯನ್ನು ಮೊಮ್ಮಗಳ ಕಡೆ ಸರಿಸಿ, ಮಗಳಿಗೆ, "ಬಟ್ಟಲು ಇಡು, ಬಂಗುಡೆ ಉಂಟು" ಎಂದ. ಸೌಮ್ಯಶ್ರೀ ಉಂಡಳು. ಉಂಡ ಮೇಲೆ ಚೀಲವನ್ನು ಮಂಚದ ಕೆಳಗೆ ತಳ್ಳಲಿಲ್ಲ, ಬಾಗಿಲ ಹತ್ತಿರ ಇಟ್ಟಳು.

ಮರುದಿನ ಬಸ್ಸು ಹತ್ತುವಾಗ ಅವಳು, "ಅಜ್ಜ, ಸಂಜೆಗೆ ಅನ್ನ ನನಗೂ ಹಾಕಿಡಿ, ಹೇಳ್ಲಿಕ್ಕೆ ಆಗುವುದಿಲ್ಲ" ಎಂದಳು. ಹಾಕಿಟ್ಟರು. ಮುದುಕ ಆ ಸಂಜೆ ಕಾಪು ಪೇಟೆಗೆ ಹೋಗಿ ಉಡುಪಿಯಿಂದ ಬರುವ ಬಸ್ಸುಗಳನ್ನು ಒಂದೊಂದಾಗಿ ನೋಡಿದ. ಇಳಿದವರ ಮುಖ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಆದ್ದರಿಂದ ಪ್ರತಿ ಬಸ್ಸು ನಿಂತಾಗಲೂ ಅವಳು ಕರೆಯುತ್ತಾಳೋ ಎಂದು ಕಿವಿಗೊಟ್ಟ. ಕರೆಯದಿರಲಿ ಎಂದು ಕೇಳಿಕೊಂಡ. ಕೊನೆಯ ಬಸ್ಸೂ ಬಂತು, ನಾಲ್ಕು ಮಂದಿ ಇಳಿದರು, ಬಸ್ಸು ಪಡುಬಿದ್ರಿಯ ಕಡೆಗೆ ಹೋಯಿತು. ಯಾರೂ ಅಜ್ಜ ಎನ್ನಲಿಲ್ಲ. ಮಗಳ ಮಗಳು ಸೌಮ್ಯಶ್ರೀ ಮಣಿಪಾಲಕ್ಕೆ ಹೋದದ್ದು ಡಿಸೆಂಬರ್ ಒಂದು, ಮಂಗಳವಾರ.